ಎಳ್ಳಮಾಸಿಗೆ ಕುಷ್ಟಗಿ ಮುಟ್ಟಬೇಕಾಗಿತ್ತು

ನಮ್ಮ ಓಣಿಯ ಮೂಲೆಯಲ್ಲಿ ಇಸ್ತ್ರಿ ಮಾಡುವವನೊಬ್ಬ ಹೊಸದಾಗಿ ತಳ್ಳುಬಂಡಿ ಇಟ್ಟಿದ್ದಾನೆ. ದಿನಾ ಬೆಳಿಗ್ಗೆ ಇಸ್ತ್ರಿಪೆಟ್ಟಿಗೆಯ ಬಾಯಿ ತೆರೆದು ಇದ್ದಿಲು ತುಂಬಿ, ಹರಕು ರಟ್ಟಿನಿಂದ ಗಾಳಿ ಹಾಕುತ್ತಾನೆ. ಹೊಗೆ ಮೊದಲು ನುಗ್ಗುವುದು ನನ್ನ ಕೋಣೆಯ ಕಿಟಕಿಗೆ. ಸೊಸೆ ಓಡಿಬಂದು ಮುಚ್ಚಲು ಹೋದರೆ ನಾನು ಬೇಡವೆನ್ನುತ್ತೇನೆ. ಕೆಮ್ಮುತ್ತಲೇ ಬೇಡವೆನ್ನುತ್ತೇನೆ. ಅವಳಿಗೆ ಇದು ವಿಚಿತ್ರವಾಗಿ ಕಾಣುತ್ತದೆ, ನಿಮಗೂ ಕಾಣಬಹುದು. ಆದರೆ ಇದ್ದಿಲು ಹೊತ್ತಿಕೊಳ್ಳುವ ಆ ವಾಸನೆ ಬಂದರೆ ನಾನು ಕೊಪ್ಪಳದ ಈ ಮನೆಯಲ್ಲಿ ಇರುವುದಿಲ್ಲ. ಹತ್ತೊಂಬತ್ತರ ಹುಡುಗಿಯಾಗಿ ಹಿಟ್ನಾಳದ ಹತ್ತಿರ ರಸ್ತೆಯ ಬದಿಗೆ ಕುಳಿತಿರುತ್ತೇನೆ. ಎದುರಿಗೆ ನನ್ನ ಯಜಮಾನರು ಕೋಟಿನ ತೋಳು ಮಡಚಿ ಮೋಟಾರಿನ ಒಲೆಗೆ ಗಾಳಿ ಹಾಕುತ್ತಿರುತ್ತಾರೆ.

ಅವರು ಹೋಗಿ ನಾಲ್ಕು ತಿಂಗಳಾಯಿತು. ಗಂಡನ ಹೆಸರು ಹೇಳಿ ನನಗೆ ರೂಢಿಯಿಲ್ಲ. ಓದುವವರಿಗೆ ತೊಡಕಾಗಬಾರದೆಂದು ಒಂದೇ ಸಲ ಬರೆಯುತ್ತೇನೆ: ಬಸಪ್ಪ. ಬರೆದ ಮೇಲೆ ಸುತ್ತ ನೋಡಿದೆ, ಯಾರೂ ಇರಲಿಲ್ಲ. ಊರವರಿಗೆಲ್ಲ ಅವರು ಪೇಟಿ ಮಾಸ್ತರ. ಹಾರ್ಮೋನಿಯಮ್ಮಿಗೆ ನಮ್ಮ ಕಡೆ ಪೇಟಿ ಎನ್ನುತ್ತಾರೆ. ನಾಟಕದ ಕಂಪನಿಯೊಂದರಲ್ಲಿ ಅವರು ಪೇಟಿ ಬಾರಿಸುತ್ತಿದ್ದರು. ನನಗೋ ಸಂಗೀತ ಒಂದಿಷ್ಟೂ ತಿಳಿಯದು. ಮದುವೆಯಾದ ಹೊಸದರಲ್ಲಿ, ಬೆರಳಿನಿಂದ ಒತ್ತುವ ಪೇಟಿಯ ಮನೆಗಳನ್ನು ತೋರಿಸಿ, "ಕರಿ ಮನಿ ಯಾಕ, ಬಿಳಿ ಮನಿ ಯಾಕ? ಎಲ್ಲಾ ಒಂದs ಬಣ್ಣ ಇದ್ದರ ಆಗಂಗಿಲ್ಲೇನ್ರಿ?" ಎಂದು ಕೇಳಿದ್ದೆ. ಅವರು, "ಆಗತೈತಿ, ಕಣ್ಣು ಮುಚ್ಚಿದ ಮ್ಯಾಲ ಎಲ್ಲಾ ಒಂದs ಬಣ್ಣ" ಎಂದಿದ್ದರು. ಆಗ ಅದನ್ನು ತಮಾಷೆ ಎಂದುಕೊಂಡಿದ್ದೆ.

ಯುದ್ಧ ನಡೆದಿದ್ದ ಕಾಲ. ಯುದ್ಧ ಎಲ್ಲೋ ದೂರದಲ್ಲಿ, ಆದರೆ ಪೆಟ್ರೋಲು ಮಾತ್ರ ನಮ್ಮ ಊರಿನಿಂದಲೂ ಮಾಯವಾಗಿತ್ತು. ಕಂಪನಿ ಗಂಗಾವತಿಯಲ್ಲಿ ಮುಕ್ಕಾಂ ಮಾಡಿತ್ತು. ಆಗ ಕುಷ್ಟಗಿಯಿಂದ ನನ್ನ ಭಾವನವರ, ಎಂದರೆ ಇವರ ಅಣ್ಣನ, ಕಾಗದ ಬಂತು. ಕಾಗದ ಓದುವ ಕೆಲಸ ನನ್ನದು. ಇವರು ಹುಡುಗರಾಗಿದ್ದಾಗ ನಿಜಾಮರ ಸಾಲೆಯಲ್ಲಿ ಉರ್ದು ಕಲಿತವರು. ನನ್ನ ತವರು ಗದಗಿನ ಕಡೆ. ಅಲ್ಲಿ ಕನ್ನಡ ಸಾಲೆಯಿತ್ತು, ನಾಲ್ಕನೆಯ ಇಯತ್ತೆಯವರೆಗೆ ಹೋಗಿದ್ದೆ. ಆ ನಾಲ್ಕು ಇಯತ್ತೆಯ ಬಲದ ಮೇಲೆಯೇ ಇದನ್ನೂ ಬರೆಯುತ್ತಿದ್ದೇನೆ.

ಆ ಕಾಗದದ ಹಿಂದಿನ ಮಾತನ್ನು ನಿಮಗೆ ಹೇಳಬೇಕು. ಇವರದು ಕುಷ್ಟಗಿಯಲ್ಲಿ ಒಕ್ಕಲುತನದ ಮನೆ. ಹದಿನಾರನೆಯ ವಯಸ್ಸಿನಲ್ಲಿ ಹೊಲ ಬಿಟ್ಟು ಭಜನೆಯವರ ಪೇಟಿಯ ಮುಂದೆ ಕುಳಿತದ್ದನ್ನು ಕಂಡು ನಮ್ಮ ಮಾವ ಎತ್ತಿಗೆ ಹೊಡೆಯುವ ಬಾರಕೋಲಿನಿಂದ ಇವರನ್ನು ಹೊಡೆದರು. ಇವರು ಅಂದೇ ಮನೆ ಬಿಟ್ಟು ಕಂಪನಿ ಸೇರಿದರು. "ಪೇಟಿ ಹಿಡಕೊಂಡು ಈ ಹೊಸ್ತಿಲಾ ದಾಟಬಾರದು" ಎಂದು ಮಾವ ಕಡ್ಡಿ ಮುರಿದಂತೆ ಹೇಳಿಬಿಟ್ಟರು. ನಮ್ಮ ಅತ್ತೆ ಗಂಡನಿಗೆ ಎದುರಾಡಿದವರಲ್ಲ, ನಾಟಕದ ಥೇಟರಿಗೆ ಬಂದವರೂ ಅಲ್ಲ. ಆದ್ದರಿಂದ ಮಗ ಬಾರಿಸಿದ್ದನ್ನು ಅವರು ಒಂದು ದಿನವೂ ಕೇಳಿರಲಿಲ್ಲ. ಅವರು ಮಾಡಿದ್ದು ಒಂದೇ. ಇವರು ಹುಟ್ಟಿದ್ದು ಎಳ್ಳಮಾಸಿಯ, ಎಂದರೆ ಎಳ್ಳಮಾವಾಸ್ಯೆಯ, ದಿನ. ಅಂದು ನಮ್ಮ ಕಡೆಯವರೆಲ್ಲ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆದು ನಿಂತ ಜೋಳಕ್ಕೆ ಎಡೆಯನ್ನು ಚರಗವಾಗಿ ಚೆಲ್ಲಿ, ಅಲ್ಲಿಯೇ ಕುಳಿತು ಹೊಟ್ಟೆ ತುಂಬ ಉಣ್ಣುತ್ತಾರೆ. ಊರೆಲ್ಲ ಉಣ್ಣುವ ಆ ದಿನ ಅತ್ತೆ ಒಬ್ಬರೇ ಬಾಯಿಗೆ ಅಗುಳು ಹಾಕುತ್ತಿರಲಿಲ್ಲ. ಹದಿನಾಲ್ಕು ವರ್ಷ ಹೀಗೆ ನಡೆಯಿತು.

ಮಾವ ತೀರಿಕೊಂಡು ವರ್ಷ ಆಗಿತ್ತು. ಈಗ ಕಾಗದದಲ್ಲಿ ಭಾವ ಬರೆಸಿದ್ದರು: ಅವ್ವನ ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಯೂ ದಿನಕ್ಕೊಂದಿಷ್ಟು ಹೋಗುತ್ತಿದೆ, ಅವಳು ಹೇಳಿದ್ದನ್ನು ಹೇಳಿದಂತೆಯೇ ಬರೆಸಿದ್ದೇನೆ. ಅದರ ಕೆಳಗೆ ಅತ್ತೆಯ ಮಾತು: "ಎಳ್ಳಮಾಸಿಗೆ ಪೇಟಿ ತಗೊಂಡು ಬಾ ಅನ್ರಿ. ಕಿವಿ ಇರೂತ್ಲೆ ಕೇಳತೇನಿ. ಕೇಳಿದ ಮ್ಯಾಲs ಉಣ್ಣತೇನಿ. ಅಲ್ಲೀತನಾ ಇಲ್ಲ."

ನಾನು ಓದಿ ಮುಗಿಸಿದೆ. ಇವರು, "ಇನ್ನೊಮ್ಮಿ ಓದು" ಎಂದರು. ಓದಿದೆ. ಎದ್ದು ಮ್ಯಾನೇಜರರ ಹತ್ತಿರ ಹೋದರು. ಆ ಮನುಷ್ಯ ರಜೆ ಕೊಡುವುದರಲ್ಲಿ ಬಹಳ ಬಿಗಿ. "ನೀವು ಇಲ್ಲಂದರ ನಮ್ಮ ನಾಯಕಿ ಅಳೂದನ್ನ ಯಾರು ನಂಬತಾರ್ರಿ ಮಾಸ್ತರ?" ಎಂದರಂತೆ. "ನಾಕು ದಿನ ನಗಲಿ ಬಿಡ್ರಿ" ಎಂದು ಹೇಳಿ ಇವರು ಬಂದರು.

ಎಳ್ಳಮಾಸಿಗೆ ಎರಡು ದಿನ ಮೊದಲೇ ಹೊರಟೆವು. ಒಂದು ದಿನ ಗಂಗಾವತಿಯಿಂದ ಕೊಪ್ಪಳ, ಮರುದಿನ ಕೊಪ್ಪಳದಿಂದ ಕುಷ್ಟಗಿ, ಎರಡೂ ಮೋಟಾರಿನಲ್ಲಿ. ಅಮಾವಾಸ್ಯೆಯ ಬೆಳಿಗ್ಗೆ ಅತ್ತೆಯ ಎದುರಿಗೆ ಕುಳಿತಿರಬೇಕು. ಲೆಕ್ಕ ಇಷ್ಟು ಸರಳವಾಗಿತ್ತು. ನಾನು ಒಂದೇ ಒಂದು ಸಲ ಉಟ್ಟಿದ್ದ ಇಳಕಲ್ ಸೀರೆಯನ್ನು ಮಡಿಚಿ ಗಂಟಿನಲ್ಲಿ ಇಟ್ಟುಕೊಂಡಿದ್ದೆ. ಅತ್ತೆ ನನ್ನನ್ನೂ ಅದೇ ಮೊದಲ ಸಲ ನೋಡುವವರಿದ್ದರು.

ಆಗಿನ ಮೋಟಾರುಗಳನ್ನು ನೀವು ನೋಡಿರಲಿಕ್ಕಿಲ್ಲ. ಪೆಟ್ರೋಲು ಸಿಗದೆ, ಹಿಂದುಗಡೆ ಆಳೆತ್ತರದ ಕಬ್ಬಿಣದ ಒಲೆ ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಆ ಗಾಳಿಯ ಮೇಲೆ ಓಡಿಸುತ್ತಿದ್ದರು. ಓಡುತ್ತಿತ್ತು ಎನ್ನುವುದು ಸೌಜನ್ಯದ ಮಾತು. ಪೇಟಿಯನ್ನು ಒಳಗಿಟ್ಟರೆ ಜನ ತುಳಿದಾರೆಂದು ಇವರೇ ಮುಂದೆ ನಿಂತು ಅದನ್ನು ಮೇಲೆ, ಹಿಂದಿನ ಅಂಚಿಗೆ, ಹಗ್ಗ ಹಾಕಿಸಿ ಕಟ್ಟಿಸಿದರು. ಸರಿಯಾಗಿ ಒಲೆಯ ನೆತ್ತಿಯ ಮೇಲೆ.

ಹಿಟ್ನಾಳ ಇನ್ನೂ ಒಂದು ಮೈಲು ಇದೆ ಎನ್ನುವಾಗ ಮೋಟಾರು ಕೆಮ್ಮಿ ನಿಂತಿತು. ಡ್ರೈವರ್ ಖಾಸಿಂಸಾಬರು ಇಳಿದು, ಒಲೆಗೆ ಗಾಳಿ ಊದುವ ಚಕ್ರ ತಿರುಗಿಸಿ ಬೆವೆತು, ಇವರ ಕಡೆ ನೋಡಿದರು.

"ಬರ್ರಿ ಮಾಸ್ತರ, ಗಾಳಿ ಹಾಕೂದು ನಿಮ್ಮ ಕಸಬs ಐತೆಲ್ಲ. ನಾಕು ಸುತ್ತು ತಿರುವ್ರಿ."

"ನಾ ಗಾಳಿ ಹಾಕಿದರ ಹಾಡು ಬರತೈತ್ರಿ. ಇದಕ್ಕ ಏನು ಬರತೈತಿ?"

"ಇದಕ್ಕೂ ಬರತೈತಿ. ಬೈಗಳಾ ಬರತಾವು."

ಕುಳಿತವರೆಲ್ಲ ನಕ್ಕರು. ಇವರು ಕೋಟಿನ ತೋಳು ಮಡಚಿ ತಿರುವಿದರು. ಇನ್ನೊಬ್ಬರು ತಿರುವಿದರು, ಮತ್ತೊಬ್ಬರು ತಿರುವಿದರು. ಹೊಗೆ ಬಂತು, ಕಿಡಿ ಬಂತು, ಮೋಟಾರು ಮಾತ್ರ ಹಂದಲಿಲ್ಲ. ನನಗೆ ನಡುವೆ ಬಟ್ಟೆ ಸುಟ್ಟ ನಾತ ಬಡಿಯಿತು. ಇಷ್ಟೆಲ್ಲ ಉರಿಯುವಾಗ ಏನಾದರೊಂದು ಸುಡುವುದೇ ಎಂದುಕೊಂಡು ಸುಮ್ಮನೆ ಕುಳಿತೆ. ಆ ಸುಮ್ಮನಿರುವಿಕೆಯ ಬೆಲೆ ಆಮೇಲೆ ತಿಳಿಯಿತು. ಕೊನೆಗೆ ಯಾವುದೋ ಭಾಗ ತರಲು ಆಳು ಕೊಪ್ಪಳಕ್ಕೆ ನಡೆದುಹೋದ. ನಾವು ಅಲ್ಲಿಯೇ ಬೇವಿನ ಗಿಡದ ಬುಡದಲ್ಲಿ ಉಳಿದೆವು. ಕೊಪ್ಪಳ ಮುಟ್ಟಿದ್ದು ಮರುದಿನ ಹೊತ್ತು ನೆತ್ತಿಗೆ ಬಂದಾಗ.

ಅಲ್ಲಿ ಮೋಟಾರು ನಿಲ್ಲುವ ಜಾಗದಲ್ಲಿ ಕುಷ್ಟಗಿಯ ಮೋಟಾರೇ ಇರಲಿಲ್ಲ. ಸರಕಾರದ ಧಾನ್ಯ ಹೇರಲು ಅದನ್ನು ಹಿಡಿದುಕೊಂಡು ಹೋಗಿದ್ದರು. ಎರಡು ದಿನ ಬರುವುದಿಲ್ಲವಂತೆ. "ಯಲಬುರ್ಗಿಗೆ ಹೋಗಿ ಅಲ್ಲಿಂದ ನೋಡ್ರಿ" ಎಂದು ಒಬ್ಬ, "ಅಲ್ಲಿ ಏನೈತಿ ನೋಡಾಕ? ಯಲಬುರ್ಗಿ ಮೋಟಾರನೂ ಅವರs ಹಿಡದಾರ" ಎಂದು ಇನ್ನೊಬ್ಬ. ಇಬ್ಬರೂ ತಮ್ಮತಮ್ಮೊಳಗೆ ವಾದಿಸುತ್ತ ನಮ್ಮನ್ನು ಮರೆತೇಬಿಟ್ಟರು.

"ತಿರುಗಿ ಗಂಗಾವತಿಗೆ ಹೋಗೂಣೇನ್ರಿ? ಒಂದು ಕಾಗದಾ ಬರದು ಹಾಕತೇನಿ" ಎಂದೆ.

"ಕಾಗದಾ ನೋಡಿ ಅವ್ವ ಉಣ್ಣಂಗಿಲ್ಲ" ಎಂದರು. ಪೇಟಿಯನ್ನು ಎದೆಗವಚಿಕೊಂಡು ನಡೆಯತೊಡಗಿದರು. ಕಿನ್ನಾಳದವರೆಗೆ ನಡೆಯುವುದು, ಅಲ್ಲಿ ಪರಿಚಯದವರ ಮನೆಯಲ್ಲಿ ಇದ್ದು ಬೆಳಕು ಹರಿಯುವ ಮುಂಚೆ ಬಾಡಿಗೆಯ ಬಂಡಿ ಹಿಡಿಯುವುದು, ಇದು ಹೊಸ ಬೇತು. ಅರ್ಧ ಮೈಲು ಹೋಗುವುದರೊಳಗೆ ಅವರ ಕೈ ಸೋತವು. ಪೇಟಿ ಬಾರಿಸುವವರಿಗೆ ಪೇಟಿ ಹೊರಲು ಬರುವುದಿಲ್ಲ. ಅದನ್ನು ನಾನು ಅಂದೇ ಕಂಡದ್ದು. ನಾನು ಹಳೆಯ ಸೀರೆಯ ತುಂಡನ್ನು ಸುತ್ತಿ ಸಿಂಬಿ ಮಾಡಿ ತಲೆಯ ಮೇಲಿಟ್ಟುಕೊಂಡು, "ಎತ್ತಿ ಇಡ್ರಿ" ಎಂದೆ.

"ಜನ ನೋಡಿದರ ಏನಂದಾರು?"

"ಎರಡು ಕೊಡ ನೀರು ಹೊರಾಕಿ ಒಂದು ಪೇಟಿ ಹೊತ್ತಾಳ ಅಂದಾರು."

ಹೀಗೆ ನಾಟಕದ ಕಂಪನಿಯ ಸಂಗೀತವೆಲ್ಲ ನನ್ನ ತಲೆಗೆ ಏರಿತು. ಒಳಗೆ ಏರದಿದ್ದರೂ ಮೇಲಾದರೂ ಏರಿತಲ್ಲ.

ಕಿನ್ನಾಳದಲ್ಲಿ ತಿಪ್ಪಣ್ಣ ಎಂಬ ಚಿತ್ರಗಾರರಿದ್ದರು. ಮರದ ಗೊಂಬೆ ಮಾಡಿ ಬಣ್ಣ ಹಚ್ಚುವ ಮನೆತನ. ಕಂಪನಿಗೆ ಒಂದೆರಡು ಸಲ ಕಿರೀಟ, ಗದೆ ಮಾಡಿಕೊಟ್ಟಿದ್ದರು. ಅವರ ಪಡಸಾಲೆಯಲ್ಲಿ ಇವರು ಪೇಟಿಯ ಗಂಟು ಬಿಚ್ಚಿದರು. ತಿದಿ ಎಳೆದರು. ಸ್ವರದ ಬದಲು ಬುಸ್ಸೆಂದು ಗಾಳಿ ಬಂತು. ತಿದಿಯ ಮಡಿಕೆಯಲ್ಲಿ ಅಂಗೈಯಗಲದ ತೂತು, ಸುತ್ತ ಕರಿ ಅಂಚು. ಮೋಟಾರಿನ ಕಿಡಿ ಗಂಟಿನೊಳಗೆ ಹೊಕ್ಕಿತ್ತು. ನನಗೆ ಆ ಬಟ್ಟೆ ಸುಟ್ಟ ನಾತ ನೆನಪಾಯಿತು. ಹೇಳಿದೆ. ಅವರು ಬೈಯಲಿಲ್ಲ. ಕಟ್ಟಿಸಿದ್ದು ತಾವೇ ಎಂಬುದು ನೆನಪಿತ್ತು.

ತಿಪ್ಪಣ್ಣ ಬೆರಳಿನಿಂದ ತೂತಿನ ಅಂಚು ಸವರಿ ನೋಡಿದರು. "ಗೊಂಬಿ ಸೀಳಿದರ ನಾವು ಹೆಂಗ ಕೂಡಸತೇವಿ, ಹಂಗ ಕೂಡಸೂದು. ಹುಣಸಿಬೀಜದ ಅಂಟು, ಹಳೇ ಅರಿವಿ, ಎರಡು ಪದರು. ಆದರ ಬಿಸಲಾಗ ಒಣಗಬೇಕು ಮಾಸ್ತರ. ನಾಳೆ ಮಧ್ಯಾನ್ನತನಾ."

"ನಾಳೆ ಮುಂಜಾನೆ ಬಂಡಿ ಹಿಡದು ಹೋಗಬೇಕೋ."

ತಿಪ್ಪಣ್ಣ ಮನೆಯ ತುಂಬ ಕೇಳುವಂತೆ ನಕ್ಕರು. "ಎಳ್ಳಮಾಸಿ ದಿನ ಬಾಡಿಗಿ ಬಂಡಿ! ಎತ್ತಿಗೆ ಕೋಡೆಣಸು ಹಾಕಿ, ಹೆಂಡ್ರು ಮಕ್ಕಳನ್ನ ಕುಂಡ್ರಿಸಿಕೊಂಡು ಹೊಲಕ್ಕ ಹೋಗೂ ದಿನ ನಿಮ್ಮನ್ನ ಯಾವಂವ ಕುಷ್ಟಗಿಗೆ ಒಯ್ಯತಾನ್ರಿ? ನೀವು ಒಕ್ಕಲಿಗರ ಮನ್ಯಾಗs ಹುಟ್ಟೀರೆಲ್ಲೋ?"

ಇವರ ಮುಖ ನೋಡಬೇಕಾಗಿತ್ತು. ತಾನು ಹುಟ್ಟಿದ್ದು ಎಳ್ಳಮಾಸಿ ಎಂದು ನೆನಪಿಟ್ಟುಕೊಂಡ ಮನುಷ್ಯ, ಎಳ್ಳಮಾಸಿಯ ದಿನ ಬಂಡಿ ಸಿಗುವುದಿಲ್ಲ ಎನ್ನುವುದನ್ನು ಮರೆತಿದ್ದರು. ಹದಿನಾಲ್ಕು ವರ್ಷ ರಂಗದ ಮುಂದಿನ ಗುಂಡಿಯಲ್ಲಿ ಕುಳಿತವರಿಗೆ ಹಬ್ಬವೆಂದರೆ ಹೆಚ್ಚಿನ ಆಟ, ಅಷ್ಟೆ.

"ಪೇಟಿ ಇಲ್ಲೇ ಇರಲಿ, ನೀವೊಬ್ಬರs ನಡದು ಹೋಗಿ ಕಾಲಿಗೆ ಬೀಳ್ರಿ" ಎಂದು ನಾನು ಹೇಳಿ ನೋಡಿದೆ.

"ಅವ್ವ ಕಾಗದದಾಗ ಏನಂತ ಬರಸ್ಯಾಳ? ನನ್ನ ಮಾರಿ ನೋಡತೇನಿ ಅಂದಾಳೇನು?"

ಇಲ್ಲ, ಕೇಳುತ್ತೇನೆ ಎಂದಿದ್ದರು. ಓದಿದವಳು ನಾನೇ.

ಎಳ್ಳಮಾಸಿಯ ಬೆಳಿಗ್ಗೆ ಇಡೀ ಕಿನ್ನಾಳ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಯಿತು. ನಾವು ಇಬ್ಬರು ಅಂಗಳದಲ್ಲಿ ಕುಳಿತು ಪೇಟಿಯ ತಿದಿ ಒಣಗುವುದನ್ನು ಕಾದೆವು. ತಿಪ್ಪಣ್ಣ ತಮ್ಮ ಮನೆಯವರನ್ನು ಮುಂದೆ ಕಳಿಸಿ ನಮಗಾಗಿ ಹಿಂದೆ ನಿಂತಿದ್ದರು. ಅಂಟು ಒಣಗಿತು. ಇವರು ಎದ್ದರು. ತಿಪ್ಪಣ್ಣ ಬಣ್ಣದ ಬಟ್ಟಲು ತಂದರು.

"ಬಣ್ಣ ಬ್ಯಾಡೋ ಎಪ್ಪಾ, ಹೊತ್ತು ಹೋಗತೈತಿ!"

"ನೀವು ಹಾಡು ಅರ್ಧಾಕ ಬಿಟ್ಟು ಏಳತೀರೇನು? ಬಣ್ಣ ಇಲ್ಲದ್ದು ನಮ್ಮ ಮನಿ ಬಿಟ್ಟು ಹೋಗಂಗಿಲ್ಲ." ತೇಪೆಯ ಮೇಲೆ ಕೆಂಪು ಬಳಿದು, ಹಳದಿ ಅಂಚು ಎಳೆದು, ನಡುವೆ ಒಂದು ಹಸಿರು ಗಿಳಿಯನ್ನು ಬರೆದೇ ಬಿಟ್ಟರು. ತಿದಿ ಎಳೆದರೆ ಗಿಳಿ ರೆಕ್ಕೆ ಬಿಚ್ಚಿದಂತೆ ಕಾಣುತ್ತಿತ್ತು. ಇವರಿಗೆ ಸಿಟ್ಟು ಬಂದಿತ್ತು, ಆದರೂ ಎರಡು ಸಲ ಎಳೆದು ನೋಡಿದರು.

ಮಧ್ಯಾಹ್ನ ಹೊರಟು ನಡೆದೆವು. ಎರಡೂ ಕಡೆ ಎದೆಯೆತ್ತರದ ಜೋಳ. ಹೊಲಹೊಲದಲ್ಲೂ ಜನ ಗುಂಪಾಗಿ ಕುಳಿತು ಉಣ್ಣುತ್ತಿದ್ದರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಬದನೆಕಾಯಿ ಪಲ್ಯ, ಗಾಳಿಯ ತುಂಬ ಅದರದೇ ಪರಿಮಳ. ಒಬ್ಬ ಹೆಣ್ಣುಮಗಳು ಬದುವಿನ ಮೇಲೆ ಬಂದು ಅಡ್ಡ ನಿಂತಳು.

"ಎಕ್ಕಾ, ಇವತ್ತ ಹಸಕೊಂಡು ನಮ್ಮ ಹೊಲಾ ದಾಟಬಾರದು. ಬರ್ರಿ, ಒಂದು ತುತ್ತು ಉಂಡು ಹೋಗ್ರಿ. ಯಪ್ಪಾ, ನೀವೂ ಬರ್ರಿ."

"ನಮ್ಮವ್ವ ಉಂಡಿಲ್ಲಬೇ. ಆಕಿ ಉಣ್ಣೂತನಾ ನನಗ ಇಳಿಯಂಗಿಲ್ಲ" ಎಂದರು ಇವರು. ನನ್ನ ಕಡೆ ತಿರುಗಿ, "ನೀ ಉಣ್ಣು" ಎಂದರು. ಗಂಡ ಹಾಗೆ ಹೇಳಿದ ಮೇಲೆ ಯಾವ ಹೆಂಡತಿ ಉಂಡಾಳು? ಬೇಡವೆಂದೆ. ಆ ಪುಣ್ಯಾತ್ಗಿತ್ತಿ ಎರಡು ರೊಟ್ಟಿಯನ್ನು ನನ್ನ ಸೆರಗಿಗೆ ಕಟ್ಟಿಯೇ ಕಳಿಸಿದಳು. ಅವರು ಮುಂದೆ, ನಾನು ಪೇಟಿ ಹೊತ್ತು ಹಿಂದೆ. ಅರ್ಧ ಹರದಾರಿ ಹೋಗುವುದರೊಳಗೆ ಒಂದು ಕೈಯಿಂದ ಪೇಟಿ ಹಿಡಿದು, ಇನ್ನೊಂದು ಕೈಯಿಂದ ಮುರಿದು ಮುರಿದು ಒಂದು ರೊಟ್ಟಿ ಪೂರ್ತಿ ತಿಂದೆ. ಯಾರಿಗೂ ಹೇಳಲಿಲ್ಲ. ಎಷ್ಟೋ ವರ್ಷಗಳ ಮೇಲೆ ಒಮ್ಮೆ, ಏನೋ ಜಗಳದ ನಡುವೆ, "ಅವತ್ತ ನಿನ್ನ ಹಲ್ಲಾಗ ಎಳ್ಳು ಸಿಕ್ಕಿದ್ದು ನಾ ಕಂಡೀನಿ" ಎಂದುಬಿಟ್ಟರು. ಜಗಳ ಅಲ್ಲಿಗೇ ಮುಗಿಯಿತು.

ಹೊತ್ತು ಮುಳುಗಿದಾಗ ಕುಷ್ಟಗಿ ಇನ್ನೂ ಅರ್ಧ ದಾರಿ ಉಳಿದಿತ್ತು. ಕೆಂಪಗಾದ ಪಡುವಣದ ಕಡೆ ನೋಡುತ್ತ ಇವರು ರಸ್ತೆಯ ನಡುವೆ ನಿಂತರು. "ದಿನ ದಾಟಿತು" ಎಂದರು, ಅಷ್ಟೇ. ಮತ್ತೆ ನಡೆಯಲು ಹೆಜ್ಜೆ ಕಿತ್ತರು. ದಿನ ದಾಟಿದ ಮೇಲೂ ನಡೆಯುವುದನ್ನು ನಿಲ್ಲಿಸಲಿಲ್ಲ ಎನ್ನುವುದು ನನಗೆ ಇಂದು ದೊಡ್ಡದಾಗಿ ಕಾಣುತ್ತದೆ. ಅಂದು ಮಾತ್ರ ಕಾಲು ನೋಯುತ್ತಿದ್ದವು. ದಾರಿಯ ಹಳ್ಳಿಯೊಂದರಲ್ಲಿ ಉಳಿದೆವು. ಬೆಳಿಗ್ಗೆ ಕುಷ್ಟಗಿಯ ಪೇಟೆಗೆ ಹೊರಟ ತೊಗರಿಯ ಬಂಡಿ ಸಿಕ್ಕಿತು.

ಮನೆ ಮುಟ್ಟಿದಾಗ ಮಧ್ಯಾಹ್ನ. ಬಾಗಿಲಲ್ಲಿ ನಿಂತಿದ್ದ ನೆಗೆಣ್ಣಿ, ಭಾವನವರ ಹೆಂಡತಿ, ನಮಗೆ ಕಾಲಿಗೆ ನೀರು ಕೊಡುವ ಮೊದಲೇ, "ನಿನ್ನೆ ಮುಂಜಾನಿಂದ ಒಂದು ಅಗುಳು ಮುಟ್ಟಿಲ್ಲ. ನಾವು ಹೇಳಿ ಹೇಳಿ ಸಾಕಾತು, ನೀವರ ಹೇಳ್ರಿ" ಎಂದಳು.

ಇವರು ಹೊಸ್ತಿಲಿನ ಹೊರಗೇ ನಿಂತರು. ಪೇಟಿ ನನ್ನ ತಲೆಯ ಮೇಲಿತ್ತು. ಅತ್ತೆ ನಡುಮನೆಯಲ್ಲಿ ಕಂಬಕ್ಕೆ ಒರಗಿ ಕುಳಿತಿದ್ದರು. ಇಷ್ಟೇ ಇಷ್ಟು ಹೆಂಗಸು. ಮೊದಲು ನೋಡಿದ್ದು ನನ್ನನ್ನು.

"ಹೊತಗೊಂಡು ನಿಂತೀಯಲ್ಲಬೇ. ಒಳಗ ಬಾ, ಇಳಸು."

ಹೀಗೆ ಮಾವನವರು ಬೇಡವೆಂದ ಪೇಟಿ ನನ್ನ ತಲೆಯ ಮೇಲೆ ಕುಳಿತು ಹೊಸ್ತಿಲು ದಾಟಿತು. ಹಿಂದೆ ಬಂದು ಇವರು ತಾಯಿಯ ಕಾಲು ಹಿಡಿದು ಬಲಗಿವಿಯ ಹತ್ತಿರ ಬಾಯಿಟ್ಟು ಕೂಗಿದರು: "ತಪ್ಪಾತಬೇ ಯವ್ವಾ! ದಿನ ದಾಟಿತು. ನಿನ್ನೆ ಮುಟ್ಟಬೇಕಿತ್ತು!"

"ಯಾಕ ನಿನ್ನೆ?"

"ನಾ ಹುಟ್ಟಿದ ದಿನ ನಿನ್ನೆ ಅಲ್ಲೇನು?"

"ಯಾರಂದ್ರು? ಹೊಲದಾಗ ನಾ ಬ್ಯಾನಿ ತಿನ್ನಾಕ ಹತ್ತಿದ್ದು ಎಳ್ಳಮಾಸಿ ದಿನ. ಬಂಡ್ಯಾಗ ಹಾಕ್ಕೊಂಡು ಮನಿಗೆ ತಂದರು. ಒಂದು ಹಗಲು ಒಂದು ರಾತ್ರಿ ಒದ್ದಾಡಸಿ ನೀ ಹೊರಗ ಬಂದದ್ದು ಮರುದಿನ, ಇಷ್ಟೊತ್ತಿಗೆ. ಅವತ್ತೂ ನೀ ತಡಾ ಮಾಡೀದಿ, ಇವತ್ತೂ ತಡಾ ಮಾಡೀದಿ." ಆಮೇಲೆ ಸುತ್ತ ನಿಂತವರನ್ನೆಲ್ಲ ನೋಡಿ, "ಹಡದಾಕಿ ನಾನು. ನನಗ ಗೊತ್ತಿಲ್ಲೇನು?" ಎಂದರು.

ಭಾವ ಬಾಯಿ ತೆರೆದು ಮುಚ್ಚಿದರು. ಅವರಿಗೆ ಬೇರೆ ಲೆಕ್ಕ ಗೊತ್ತಿತ್ತೋ ಏನೋ. ನಾನು ಅತ್ತೆಯನ್ನು ಮುಂದೆಂದೂ ಕೇಳಲಿಲ್ಲ. ಇಂದಿಗೂ ನನಗೆ ನಿಜ ಗೊತ್ತಿಲ್ಲ.

ಇವರು ಕುಳಿತರು. ಅತ್ತೆ ಬಲಗಿವಿಗೆ ಅಂಗೈ ಆನಿಸಿಕೊಂಡು ಒಂದು ಮೊಳ ದೂರದಲ್ಲಿ ಕುಳಿತರು. ಎಂತೆಂಥ ಥೇಟರಿನಲ್ಲಿ ಬಾರಿಸಿದವರು ಅಂದು ಮೊದಲು ಸಣ್ಣಗೆ ಬಾರಿಸಿದರು. "ಜೋರ ಬಾರಸು. ಏನು ಕದ್ದು ಬಾರಸತೀ?" ಎಂದರು ಅತ್ತೆ. ಆಗ ಇವರು ತಿದಿಯನ್ನು ಪೂರ್ತಿ ತೆರೆದರು. ಒಂದು ಹಾಡು, ಎರಡು ಹಾಡು, ಓಣಿಯೆಲ್ಲ ಬಾಗಿಲಿಗೆ ಬಂತು. ಎಷ್ಟು ಕೇಳಿಸಿತೋ ದೇವರೇ ಬಲ್ಲ. ಅತ್ತೆ ಕಣ್ಣು ಮಿಟುಕಿಸದೆ ಮಗನ ಬೆರಳುಗಳನ್ನೇ ನೋಡುತ್ತಿದ್ದರು. ಮೂರನೆಯದು ಮುಗಿದಾಗ ಕೈ ಎತ್ತಿ ನಿಲ್ಲಿಸಿದರು.

"ಇದಕ್ಕೇನು ನಿಮ್ಮಪ್ಪ ಬಾರಕೋಲ ತಗೊಂಡಿದ್ದು?"

"ಹೂನಬೇ."

"ಇಷ್ಟು ಛಲೋ ಐತಿ. ಕುಂತು ಕೇಳಿದ್ದರ ಹೊಡೀತಿದ್ದಿಲ್ಲ. ಪಾಪ, ಅವಗ ಕೇಳೂ ನಸೀಬ ಇದ್ದಿಲ್ಲ." ಇಷ್ಟೆಂದು ಸೆರಗಿನಿಂದ ಮೂಗು ಒರೆಸಿಕೊಂಡು ನೆಗೆಣ್ಣಿಗೆ, "ಎಡಿ ಮಾಡು. ನನಗೂ, ಇವರಿಬ್ಬರಿಗೂ" ಎಂದರು.

ಊಟಕ್ಕೆ ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡರು. ಇಳಕಲ್ ಸೀರೆ ಗಂಟಿನಲ್ಲಿಯೇ ಇತ್ತು. ಉಟ್ಟ ಸೀರೆಯ ತುಂಬ ದಾರಿಯ ಧೂಳು. ನನ್ನ ನೆತ್ತಿಯ ಮೇಲೆ ಸಿಂಬಿ ಒತ್ತಿದ ಗುರುತನ್ನು ಬೆರಳಿನಿಂದ ಮುಟ್ಟಿ, ಕಿವುಡರು ಮಾತಾಡುವ ಹಾಗೆ ಗಟ್ಟಿಯಾಗಿ ಹೇಳಿದರು: "ಹದಿನಾಕು ವರ್ಷ ಹಸಕೊಂಡು ಕುಂತೆ ತಂಗಿ. ಅದರಿಂದ ಏನೂ ಬರಲಿಲ್ಲ. ನೀ ಹೊತಗೊಂಡು ಬಂದಿ ನೋಡು, ಅದಕ್ಕ ಬಂತು."

ಮುಂದೆ ಎರಡು ವರ್ಷದೊಳಗೆ ಬಲಗಿವಿಯೂ ಪೂರ್ತಿ ಹೋಯಿತು. ಅಷ್ಟರಲ್ಲಿ ಅವರು ಇನ್ನೂ ಒಮ್ಮೆ ಕೇಳಿದ್ದರು.

ಇನ್ನು ಈಗಿನ ಮಾತು. ನಾಡಿದ್ದು ಎಳ್ಳಮಾಸಿ. ಅವರು ಹೋದ ಮೇಲೆ ಬರುವ ಮೊದಲನೆಯದು. ಅಂದು ನಾನು ಉಪವಾಸ ಇರುತ್ತೇನೆ, ನನ್ನನ್ನು ಯಾರೂ ಮಾತಾಡಿಸಬೇಡಿರಿ ಎಂದು ಮನೆಯಲ್ಲಿ ಮೊದಲೇ ಹೇಳಿಟ್ಟಿದ್ದೆ. ಕುಷ್ಟಗಿಯಲ್ಲಿ ಭಾವನವರ ಮೊಮ್ಮಗಳೊಬ್ಬಳು ಸಂಗೀತ ಕಲಿಯುತ್ತಿದ್ದಾಳೆ. ಹೋದ ತಿಂಗಳು ಬಂದು, "ಅಜ್ಜಿ, ಅಜ್ಜನ ಪೇಟಿ ಸುಮ್ಮನ ಕುಂತೈತಿ, ನನಗ ಕೊಡ್ರಿ" ಎಂದು ಕೇಳಿದ್ದಳು. ಕೊಡುವುದಿಲ್ಲ ಎಂದು ಕಳಿಸಿದ್ದೆ. ಬಾಗಿಲು ದಾಟುವಾಗ ಆ ಹುಡುಗಿ ಕಣ್ಣು ಒರೆಸಿಕೊಂಡದ್ದನ್ನು ಕಂಡೂ ಕಾಣದವಳಂತೆ ಇದ್ದೆ.

ಇಷ್ಟು ಬರೆದು ಎದ್ದೆ. ಅಡಿಗೆಮನೆಗೆ ಹೋಗಿ ಸೊಸೆಗೆ, "ನಾಡದ ನಾ ಉಪವಾಸ ಇರಂಗಿಲ್ಲ. ಬುತ್ತಿ ಕಟ್ಟು. ಪೇಟಿ ತಗೊಂಡು ಕುಷ್ಟಗಿಗೆ ಹೋಗತೇನಿ" ಎಂದೆ.

ಅವಳು ಹಿಟ್ಟಿನ ಕೈಯಲ್ಲೇ ನಿಂತಳು. "ಹಬ್ಬದ ದಿನ ಬಸ್ಸಿಗೆ ಭಾಳ ಗದ್ದಲ ಇರತೈತ್ರಿ ಅತ್ತಿ. ಅವತ್ತ ಮುಟ್ಟಲಿಲ್ಲ ಅಂದರ?"

"ಮರುದಿನ ಮುಟ್ಟತೇನಿ" ಎಂದೆ. "ಅದೂ ಅವರು ಹುಟ್ಟಿದ ದಿನಾನs."